ಮ್ಯಾಪ್ ಆಂಟಿ ಹಾಕಿಕೊಟ್ಟ ದಾರಿ

ಯಜಮಾನರ ಅಂಗಿಗಳಿಗೆ ಇಸ್ತ್ರಿ ಮಾಡುತ್ತಿದ್ದೆ. ವಾರಕ್ಕೆ ಐದು ಅಂಗಿ, ಮೂರು ಮುಗಿದಿತ್ತು. ನಾಲ್ಕನೆಯದರ ಕಾಲರಿಗೆ ನೀರು ಚಿಮುಕಿಸುವಾಗ ಫೋನ್ ಬಂತು. ಅಮೆರಿಕದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟುಗಳಲ್ಲೇ ಎರಡು ಬಿಲ್ಡಿಂಗ್ ಆಚೆ ಇರುವ ಡಾಕ್ಟರ ಹೆಂಡತಿ.

"ಆಂಟಿ, ಕೂತ್ಕೊಂಡಿದೀರಾ? ಮ್ಯಾಪ್ ಆಂಟಿ ಹೋಗ್ಬಿಟ್ರು. ಲೈಬ್ರರಿನಲ್ಲೇ. ಪುಸ್ತಕ ಜೋಡಿಸ್ತಾ ಇದ್ದೋರು ಹಾಗೇ ಕುಸಿದ್ರಂತೆ. ಹಾರ್ಟು. ಆಂಬುಲೆನ್ಸ್ ಬರೋ ಅಷ್ಟ್ರಲ್ಲಿ ಮುಗಿದಿತ್ತಂತೆ."

ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಪ್ಲಗ್ ಕಿತ್ತೆ. ದೇವರು ಮಾಡುವ ಚಿಕ್ಕಚಿಕ್ಕ ಉಪಕಾರಗಳನ್ನು ಎಣಿಸಿಕೊಳ್ಳುವುದು ನನ್ನ ಅಭ್ಯಾಸ, ಕಷ್ಟ ಬಂದಾಗಲಂತೂ ಕೈಬೆರಳು ತಾನಾಗಿ ಮಡಿಚಿಕೊಳ್ಳುತ್ತವೆ. ನರಳಲಿಲ್ಲ. ಒಂಟಿಯಾಗಿ ಮನೆಯಲ್ಲಿ ಬಿದ್ದು ಎರಡು ದಿನ ಯಾರಿಗೂ ತಿಳಿಯದೆ ಹೋಗಲಿಲ್ಲ. ಅಷ್ಟಕ್ಕೆ ಬೆರಳು ನಿಂತವು. ಯಾಕೆಂದರೆ ಅವರು ಹನ್ನೆರಡು ವರ್ಷ ಹುಡುಕಿದ ಮನುಷ್ಯ ಎಲ್ಲಿದ್ದಾರೆಂದು ನನಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ನಾನು ಹೇಳಿರಲಿಲ್ಲ.

ಮ್ಯಾಪ್ ಆಂಟಿ ಎಂದು ಹೆಸರಿಟ್ಟವರು ನಮ್ಮ ಮಕ್ಕಳು. ನಾನು ಅಕ್ಕ ಎನ್ನುತ್ತಿದ್ದೆ. ಕುಳ್ಳಗೆ, ತೆಳ್ಳಗೆ, ಬೇಸಿಗೆಯಲ್ಲೂ ಸೀರೆಯ ಮೇಲೆ ಒಂದು ಬೂದು ಸ್ವೆಟರು. ತುರುಬಿನಲ್ಲಿ ಹೂವಿನ ಜಾಗದಲ್ಲಿ ಒಂದು ಪೆನ್ಸಿಲ್. ಹಣೆಯಲ್ಲಿ ಅಗಲವಾದ ಕುಂಕುಮ. ಅವರು ಕೌಂಟಿ ಲೈಬ್ರರಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿನವರು ಯಾರಾದರೂ ಹಣೆಯಲ್ಲಿ ಏನದು ಎಂದು ಕೇಳಿದರೆ ಇವರ ಉತ್ತರ ಒಂದೇ, ಅದನ್ನು ನಮಗೆ ಕನ್ನಡದಲ್ಲಿ ಹೇಳಿ ನಗಿಸುತ್ತಿದ್ದರು: "ನಮ್ಮ ಯಜಮಾನ್ರು ಇದಾರೆ ಅನ್ನೋದಕ್ಕೆ ಬೋರ್ಡು ಕಣ್ರೇ. ಅಂಗಡಿ ಬಾಗಿಲು ಹಾಕಿದೆ, ಬೋರ್ಡು ಇಳಿಸಿಲ್ಲ."

ಅವರ ಯಜಮಾನರು ನಾರ್ತ್ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಲ್ಯಾಬಿನಲ್ಲಿ ವಿಜ್ಞಾನಿಯಾಗಿದ್ದವರು. ಮೈಸೂರಿನಿಂದ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಅರವತ್ತೇಳರ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಅಲ್ಲಿನ ಒಂದು ಲೇಕಿಗೆ ಹೋಗಿದ್ದರು. ಬೆಳಿಗ್ಗೆ ಇವರು ಉಪ್ಪಿಟ್ಟಿಗೆ ರವೆ ಹುರಿಯುತ್ತಿರುವಾಗ ಅವರು ಬಾಡಿಗೆ ದೋಣಿ ಹತ್ತಿ ಹೋದರು. ಮಧ್ಯಾಹ್ನ ದೋಣಿ ಮಾತ್ರ ಸಿಕ್ಕಿತು. ಅದರಲ್ಲಿ ಮಡಿಸಿಟ್ಟ ಅಂಗಿ, ಅಂಗಿಯ ಮೇಲೆ ಕನ್ನಡಕ, ಕನ್ನಡಕದ ಕೆಳಗೆ ಸುತ್ತಿಟ್ಟ ಜನಿವಾರ. ಪೊಲೀಸರು ಜನಿವಾರವನ್ನು ಮೀನುಗಾಳದ ದಾರವೆಂದು ಬರೆದುಕೊಂಡರು. ಎಷ್ಟೋ ದಿನ ನೀರು ಶೋಧಿಸಿದರು. ದೇಹ ಸಿಗಲಿಲ್ಲ.

"ಮುಳುಗೋ ಮನುಷ್ಯ ಜನಿವಾರ ತೆಗೆದು ಸುತ್ತಿಡ್ತಾನೇನೆ?" ಎಂದು ಅವರು ನನ್ನನ್ನು ಒಮ್ಮೆ ಕೇಳಿದ್ದರು. "ಬಿಟ್ಟು ಹೋಗೋನು ತೆಗೀತಾನೆ. ಅವರು ಎಲ್ಲೋ ಇದಾರೆ. ನೀರಿನ ಹತ್ರನೇ ಇರ್ತಾರೆ, ಅವರಿಗೆ ನೀರು ಅಂದ್ರೆ ಹುಚ್ಚು."

ಬೇಕೆಂದೇ ಮುಳುಗುವವನೂ ಜನಿವಾರ ತೆಗೆದಿಡಬಹುದೆಂದು ನಮಗೆಲ್ಲ ಹೊಳೆದಿತ್ತು. ಯಾರೂ ಬಾಯಿ ಬಿಡಲಿಲ್ಲ.

ಮೈಸೂರಿನಿಂದ ಅಕ್ಕನ ಭಾವನವರ ಕಾಗದ ಬಂದಿತ್ತು. ಶವ ಸಿಗದವರಿಗೆ ಹನ್ನೆರಡು ವರ್ಷ ಕಾಯುವುದು ಪದ್ಧತಿ. ಅಷ್ಟರೊಳಗೆ ಬಾರದಿದ್ದರೆ ದರ್ಭೆಯಲ್ಲಿ ಆಕೃತಿ ಮಾಡಿ ಸಂಸ್ಕಾರ ಮಾಡಿಬಿಡುತ್ತೇವೆ. ಅಲ್ಲಿಯವರೆಗೆ ನೀನು ಮುತ್ತೈದೆ. ಇವರು ಒಪ್ಪಿ ಉತ್ತರ ಬರೆದರು. ಆಮೇಲೆ ಕ್ಯಾರೊಲೈನಾ ಬಿಟ್ಟು ನಮ್ಮ ಕಡೆ ಬಂದು ಲೈಬ್ರರಿ ಸೇರಿದರು. ಆ ಕಾಗದವನ್ನೇ ಹಿಡಿದು ಕೆಲವರು ಇವರನ್ನು ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದರು, ಕೆಲವರು ಕರೆಯದೆ ಬಿಡುತ್ತಿದ್ದರು. ನಾನು ಪ್ರತಿ ವರ್ಷ ಕರೆದೆ. ಅದನ್ನು ನನ್ನ ಪುಣ್ಯದ ಕಡೆ ಸೇರಿಸಿಕೊಂಡಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೆ ವರ್ಜೀನಿಯಾ ದಾಟಿದ ಮೇಲೆ ಅಟ್ಲಾಂಟಾದವರೆಗೆ ಯಾವ ರಸ್ತೆ ಯಾವ ಲೇಕಿನ ಪಕ್ಕ ಹೋಗುತ್ತದೆ ಎಂದು ಅವರಷ್ಟು ತಿಳಿದವರು ಇರಲಿಲ್ಲ. ಅಲ್ಲಿನ ಚಿಕ್ಕ ಊರುಗಳ ವಾರಪತ್ರಿಕೆಗಳನ್ನು ಲೈಬ್ರರಿಗೆ ತರಿಸುತ್ತಿದ್ದರು. ಮೀನಿನ ಎರೆ ಮಾರುವ ಅಂಗಡಿಯವರಿಗೆ, ಕಾಟೇಜುಗಳ ಯಜಮಾನಿಯರಿಗೆ ಕಾಗದ ಬರೆಯುತ್ತಿದ್ದರು. ಅವರೂ ಬರೆಯುತ್ತಿದ್ದರು. ಏಪ್ರಿಲ್ ಬಂತೆಂದರೆ ಕನ್ನಡದ ಸಂಸಾರಗಳು ಬೇಸಿಗೆ ರಜಕ್ಕೆ ಎಲ್ಲಿಗೆ ಹೋಗುವುದೆಂದು ಕೇಳಲು ಒಂದೊಂದಾಗಿ ಅವರ ಮನೆಗೆ ಹೋಗುವುದು. ಗ್ಯಾಸ್ ಸ್ಟೇಶನ್ನಿನ ಮ್ಯಾಪು ಊಟದ ಮೇಜಿನ ಮೇಲೆ ಹಾಸುತ್ತಿದ್ದರು, ನಾಲ್ಕು ಮೂಲೆಗೆ ನಾಲ್ಕು ಲೋಟ. ತುರುಬಿನಿಂದ ಪೆನ್ಸಿಲ್ ಕಿತ್ತರೆ ಒಂದು ಗಂಟೆ ಪಾಠ.

"ಇದು ಕೆರೆ ಅಲ್ಲ, ತಿಳ್ಕೊಳ್ಳಿ. ಅಣೆಕಟ್ಟಿನ ನೀರು. ಕೆಳಗೆ ಮರ ಹಾಗೇ ನಿಂತಿದಾವೆ, ರಸ್ತೆ ಇದೆ, ಚರ್ಚಿನ ಮೆಟ್ಟಿಲಿದೆ. ಮಕ್ಕಳನ್ನ ಸೊಂಟದುದ್ದ ನೀರಿಗಿಂತ ಆಚೆ ಬಿಡಬೇಡಿ. ಮಧ್ಯಾಹ್ನ ನಾಲ್ಕಕ್ಕೆ ಗುಡುಗು ಬರತ್ತೆ, ದೋಣಿ ಅಷ್ಟರಲ್ಲಿ ದಡದಲ್ಲಿರಲಿ. ಭಾನುವಾರ ಬೆಳಿಗ್ಗೆ ಕಾರಿಗೆ ಗ್ಯಾಸ್ ಸಿಗಲ್ಲ, ಎಲ್ಲಾ ಚರ್ಚಿನಲ್ಲಿರ್ತಾರೆ. ಹುರುಳೀಕಾಯಿ ಬೇಯಿಸಿದ್ದು ಅಂತ ಕೊಟ್ರೆ ಮುಟ್ಟಬೇಡಿ, ಹಂದಿ ಕೊಬ್ಬು ಹಾಕಿರ್ತಾರೆ."

ಇನ್ನೊಂದು ಮಾತು ಹೆಂಗಸರಿಗೆ ಮಾತ್ರ: "ಮೋಟೆಲಿನ ಮುಂದೆ ಮೊದ್ಲು ನೀನು ಇಳಿ. ನಿನ್ನ ಗಂಡ ಆಮೇಲೆ ಇಳೀಲಿ. ಪ್ಯಾಂಟು ಷರ್ಟಿನಲ್ಲಿ ಕಪ್ಪಗಿರೋ ಗಂಡಸನ್ನ ಕಂಡ್ರೆ ರೂಮಿಲ್ಲ ಅಂತಾರೆ. ಸೀರೆ ನೋಡಿದ್ರೆ ಪರದೇಶದೋರು ಅಂತ ಕೊಡ್ತಾರೆ." ಇದು ಎಷ್ಟು ಸಲ ನಿಜವಾಯಿತೆಂದು ನಾನು ಎಣಿಸಿಲ್ಲ. ರೂಮು ಸಿಕ್ಕಾಗಲೆಲ್ಲ ಸೀರೆಗೆ ಕೈ ಮುಗಿದಿದ್ದೇನೆ.

ಒಂದು ಯುಗಾದಿ ಊಟದಲ್ಲಿ ಮೂರು ಮನೆಯವರು ತಮ್ಮ ತಮ್ಮ ಮ್ಯಾಪು ಪಕ್ಕಪಕ್ಕ ಇಟ್ಟುಕೊಂಡಿದ್ದರು. ಡಾಕ್ಟರು ರೇಗಿಸಿದರು: "ಏನ್ ಆಂಟಿ, ಒಬ್ಬರಿಗೆ ಕಳಿಸಿದ ಜಾಗಕ್ಕೆ ಇನ್ನೊಬ್ಬರನ್ನ ಕಳಿಸೋದೇ ಇಲ್ವಲ್ಲ ನೀವು! ಎಲ್ಲಾ ಮೋಟೆಲಿನೋರ ಹತ್ರನೂ ಕಮಿಷನ್ ಮಾತಾಡಿದೀರಾ?"

ಎಲ್ಲರೂ ನಕ್ಕರು. ಅವರೂ ನಕ್ಕರು. ನಾನು ಕೋಸಂಬರಿ ಬಡಿಸುತ್ತಿದ್ದವಳು ಮ್ಯಾಪು ನೋಡಿದೆ. ಒಂದು ಮನೆಯವರದ್ದು ಒಂದು ದಡ, ಇನ್ನೊಂದು ಮನೆಯವರದ್ದು ಎದುರು ದಡ, ಮೂರನೆಯವರದ್ದು ಅದರ ಕೆಳಗಿನ ಲೇಕು. ಹೊಲ ಪಾಲು ಹಾಕಿದ ಹಾಗೆ ಅವರು ಆ ಸೀಮೆಯನ್ನೆಲ್ಲ ನಮಗೆ ಹಂಚಿದ್ದರು. ನಾವು ರಜಾ ಕಳೆಯಲು ಹೋಗುತ್ತಿದ್ದೆವು. ಅವರು ಹುಡುಕಲು ಕಳಿಸುತ್ತಿದ್ದರು. ವಾಪಸು ಬಂದವರನ್ನು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ರೂಮು ಚೊಕ್ಕಟವಾಗಿತ್ತಾ? ಅಡಿಗೆ ಮಾಡ್ಕೊಳ್ಳೋಕೆ ಬಿಟ್ರಾ? ನಮ್ಮೋರು ಯಾರಾದ್ರೂ ಸಿಕ್ಕಿದ್ರಾ? ಕೊನೆಯದು ಆಗ ಅಮೆರಿಕದಲ್ಲಿದ್ದ ಕನ್ನಡದವರೆಲ್ಲ ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆಯೇ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಇಲ್ಲ ಎಂದರೆ ತಮ್ಮ ದೊಡ್ಡ ಮ್ಯಾಪಿನಲ್ಲಿ ಆ ಊರಿನ ಮೇಲೆ ಒಂದು ಗೆರೆ ಎಳೆದುಬಿಡುತ್ತಿದ್ದರು. ಗೊತ್ತಾದ ಮೇಲೂ ನಾನು ಯಾರಿಗೂ ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಪ್ರತಿ ಬೇಸಿಗೆ ಕಣ್ಣು ತೆರೆದುಕೊಂಡೇ ಹೋದೆ.

ಎಪ್ಪತ್ತಾರರಲ್ಲಿ ನಮಗೆ ಬಂದ ಪಾಲು ಸೌತ್ ಕ್ಯಾರೊಲೈನಾದ ಒಂದು ಲೇಕು. ಆರು ಕಾಟೇಜು, ಒಂದು ದೋಣಿಕಟ್ಟೆ. ಯಜಮಾನಿ ನಲವತ್ತರ ಹತ್ತಿರದ ಹೆಂಗಸು, ಕೆಂಪು ಕೂದಲು, ದೊಡ್ಡ ನಗು. ಸೀರೆ ನೋಡಿದ ಕೂಡಲೇ ಓಡಿಬಂದು ಕೈ ಹಿಡಿದುಕೊಂಡಳು. ಸಂಜೆ ಒಂದು ಪಿಂಗಾಣಿ ಬಟ್ಟಲು ತಂದು ಮುಂದಿಟ್ಟಳು. ಮೊಸರನ್ನ. ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿ ಒಗ್ಗರಣೆ. ಕರಿಬೇವು ಮಾತ್ರ ಇರಲಿಲ್ಲ.

"ನೀವು ಇದನ್ನ ತಿಂತೀರಿ ಅಂತ ಗೊತ್ತು," ಎಂದಳು ಅವಳ ಇಂಗ್ಲಿಷಿನಲ್ಲಿ. "ನನ್ನ ಗಂಡ ಕಲಿಸಿದ್ದು."

ನಮ್ಮ ಯಜಮಾನರು ಚಮಚ ಕೆಳಗಿಟ್ಟರು. ಯಾವ ಊರಿನವರು ಎಂದು ಕೇಳಿದರು.

"ದೂರದ್ದು ಅಂತಾನೆ, ಅಷ್ಟೇ. ಒಂಬತ್ತು ವರ್ಷ ಆಯ್ತು, ನಡ್ಕೊಂಡು ಬಂದ, ಕನ್ನಡಕ ಕೂಡ ಇರಲಿಲ್ಲ. ಬಾಗಿಲ ಕಂಬಕ್ಕೆ ಹಣೆ ಹೊಡ್ಕೊಂಡ. ನಾನೇ ಕರ್ಕೊಂಡು ಹೋಗಿ ಕನ್ನಡಕ ಮಾಡಿಸಿದೆ." ಅವಳಿಗೆ ಅದು ಖುಷಿಯ ಕಥೆ, ಹೇಳಿ ಹೇಳಿ ಅಭ್ಯಾಸವಾದದ್ದು. "ನೀವು ಬರ್ತೀರಿ ಅಂದಾಗ ಸಂತೋಷ ಪಡ್ತಾನೆ ಅಂದ್ಕೊಂಡೆ. ಬೆಳಿಗ್ಗೆನೇ ದೋಣಿ ತಗೊಂಡು ಹೋಗ್ಬಿಟ್ಟ. ನಾಚಿಕೆ ಸ್ವಭಾವ."

ಅವಳ ಮಗಳು ನಮ್ಮ ಮಗಳ ಪಕ್ಕದಲ್ಲಿ ಊಟಕ್ಕೆ ಕೂತಿತ್ತು. ಐದು ವರ್ಷವಿರಬಹುದು. ತಾಯಿಯ ಕೂದಲು, ಕಡುಗಪ್ಪು ಕಣ್ಣು. ನಾನು ಇನ್ನೊಂದು ಚಮಚ ಅನ್ನ ಹಾಕಲು ಹೋದರೆ ಆ ಮಗು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಸಾಕು, ಸಾಕು," ಎಂದಿತು.

ನಾನು ಹೊರಗೆ ಬಂದು ದೋಣಿಕಟ್ಟೆಯ ಮೇಲೆ ನಿಂತೆ. ಇನ್ನೂ ಬಿಸಿಲಿತ್ತು. ನೀರಿನ ನಡುವೆ ಒಂದು ದೋಣಿ ನಿಂತಿತ್ತು. ಮೋಟಾರಿನ ಸದ್ದಿಲ್ಲ, ಗಾಳ ಹಾಕಿದ ಹಾಗೂ ಇಲ್ಲ. ಒಬ್ಬ ಗಂಡಸು ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದ. ಮುಖ ಕಾಣುವಷ್ಟು ಹತ್ತಿರವಲ್ಲ. ನಾನು ಕೈ ಎತ್ತಿದೆ. ಅವನು ಎತ್ತಲಿಲ್ಲ. ಕೆಳಗೆ ಮುಳುಗಿದ ಮರಗಳ ತುದಿಗೆ ದೋಣಿ ಸಿಕ್ಕಿಕೊಂಡಿದೆಯೋ ಎಂಬಂತೆ ಅಲ್ಲಾಡದೆ ನಿಂತಿತ್ತು. ಕತ್ತಲಾಗುವವರೆಗೂ ಇತ್ತು. ಬೆಳಿಗ್ಗೆ ನಾವು ಕಾರಿಗೆ ಸಾಮಾನು ತುಂಬುವಾಗ ನೋಡಿದರೆ ಅಲ್ಲೇ ಇತ್ತು. ಮೂರು ದಿನಕ್ಕೆಂದು ಹೋದವರು ಒಂದೇ ದಿನಕ್ಕೆ ಹೊರಟೆವು. ನಾವು ಹೋದರೆ ತಾನೇ ಅವರು ದಡಕ್ಕೆ ಬರುವುದು.

ಕಾರಿನಲ್ಲಿ ಮಗಳು ನಿದ್ದೆ ಹೋದ ಮೇಲೆ ಯಜಮಾನರು ಬಾಯಿ ಬಿಟ್ಟರು.

"ಹೇಳಿದ್ರೆ ಏನಾಗತ್ತೆ ಯೋಚನೆ ಮಾಡು. ಅಲ್ಲೊಂದು ಮಗು ಇದೆ."

"ಹೇಳದೆ ಇದ್ರೆ?"

"ಇನ್ನು ಮೂರು ವರ್ಷ. ಆಮೇಲೆ ಅವರಿಗೇ ಒಂಥರಾ ಸಮಾಧಾನ ಆಗತ್ತೆ."

"ಅಕ್ಕ ಮುತ್ತೈದೆ ಕಣ್ರೀ. ಬದುಕಿರೋ ಗಂಡನಿಗೆ ತಿಥಿ ಮಾಡಿಸ್ತಾರೆ."

"ಬದುಕಿದಾನೆ, ಆದ್ರೆ ನಿನ್ನ ಬೇಡ ಅಂದಿದಾನೆ ಅಂತ ನೀನು ಹೇಳ್ತೀಯಾ? ನನ್ನ ಕೈಲಾಗಲ್ಲ."

ತಪ್ಪನ್ನು ಅವರ ಮೇಲೆ ಹಾಕುವುದಿಲ್ಲ. ಮನೆಗೆ ಬಂದು ಸ್ನಾನ ಮಾಡಿ ದೇವರ ಮುಂದೆ ಚೀಟಿ ಹಾಕಿದೆ. ಒಂದರಲ್ಲಿ 'ಹೇಳು', ಒಂದರಲ್ಲಿ 'ಬೇಡ'. ಮಗಳ ಕೈಯಲ್ಲಿ ತೆಗೆಸಿದೆ. 'ಹೇಳು' ಬಂತು. ಚೀಟಿಗಳನ್ನು ಮತ್ತೆ ಮಡಿಸಿದೆ. ಒಂದೇ ಸಲ ಕೇಳುವುದು ಸರಿಯಲ್ಲ, ಮೂರು ಸಲ ಕೇಳೋಣ ಎಂದುಕೊಂಡೆ. ಮುಂದಿನ ಎರಡು ಸಲವೂ 'ಬೇಡ' ಬಂತು. ದೇವರು ದೊಡ್ಡವನು ಎಂದು ದೀಪಕ್ಕೆ ತುಪ್ಪ ಹಾಕಿದೆ. ಅವನು ಮೊದಲ ಸಲವೇ ಉತ್ತರ ಕೊಟ್ಟಿದ್ದ ಎಂಬುದು ಎಲ್ಲಕ್ಕಿಂತ ಹೆಚ್ಚು ಗೊತ್ತಿದ್ದದ್ದು ನನಗೆ.

ಮಾರನೆಯ ದಿನ ಅಕ್ಕನ ಮನೆಗೆ ಹೋದೆವು. ಮ್ಯಾಪು, ನಾಲ್ಕು ಲೋಟ.

"ರೂಮು ಚೊಕ್ಕಟವಾಗಿತ್ತೇನೆ?"

"ಇತ್ತು ಅಕ್ಕ."

"ಅಡಿಗೆ ಮಾಡ್ಕೊಳ್ಳೋಕೆ ಬಿಟ್ಳಾ?"

"ಹೂಂ, ಒಳ್ಳೆಯವಳು."

"ನಮ್ಮೋರು ಯಾರಾದ್ರೂ ಸಿಕ್ಕಿದ್ರಾ?"

"ಯಾರೂ ಇಲ್ಲ ಅಕ್ಕ."

ಪಕ್ಕದಲ್ಲಿದ್ದ ನನ್ನ ಮಗಳು, "ಆಂಟಿ, ದೇರ್ ವಾಸ್ ಎ ಲಿಟಲ್ ಗರ್ಲ್," ಎಂದು ಶುರು ಮಾಡಿದಳು.

"ಹೋಗಿ ಕೈ ತೊಳ್ಕೊಂಡು ಬಾ," ಎಂದೆ. ಅವಳ ಕೈ ಚೊಕ್ಕಟವಾಗಿಯೇ ಇತ್ತು.

ಅಕ್ಕ ಮ್ಯಾಪಿನಿಂದ ತಲೆ ಎತ್ತಲಿಲ್ಲ. ಮಗುವಿನ ಮಾತು ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಪೆನ್ಸಿಲ್ಲಿನಿಂದ ಆ ಊರಿನ ಮೇಲೆ ಗೆರೆ ಎಳೆದರು. ಅಲ್ಲಿಂದ ಮುಂದೆ ಆ ದಡಕ್ಕೆ ನಮ್ಮವರು ಯಾರೂ ಹೋಗಲಿಲ್ಲ. ನನ್ನ ಒಂದು ಮಾತಿನ ಮೇಲೆ ಹುಡುಕಾಟದಿಂದ ಆ ಜಾಗ ಬಿಟ್ಟುಹೋಯಿತು.

ಆಮೇಲೆ ಮೂರು ಬೇಸಿಗೆ ಅವರು ಉಳಿದ ಲೇಕುಗಳಿಗೆ ಜನ ಕಳಿಸಿದರು. ಮ್ಯಾಪಿನಲ್ಲಿ ಗೆರೆ ಹೊಡೆಯದ ಜಾಗ ಕಡಿಮೆಯಾಗುತ್ತ ಬಂತು. ಪ್ರತಿ ಸಲ ಕಂಡಾಗಲೂ ಇವತ್ತು ಹೇಳುತ್ತೇನೆ ಎಂದು ಹೋಗುತ್ತಿದ್ದೆ. ಕಾಫಿ ಕುಡಿದು ಬರುತ್ತಿದ್ದೆ.

ಎಪ್ಪತ್ತೊಂಬತ್ತರಲ್ಲಿ ಭಾವನವರ ಕಾಗದ ಬಂತು. ಸಂಸ್ಕಾರ ಮಾಡಿ ಮುಗಿಸಿದ್ದೇವೆ ಎಂದು. ಅಕ್ಕ ಫೋನ್ ಮಾಡಿದರು. "ಬಾರೇ ಸ್ವಲ್ಪ. ಸರದ ಕೊಂಡಿ ಬಿಗಿಯಾಗಿದೆ, ನನ್ನ ಕೈಗೆ ಸಿಕ್ತಾ ಇಲ್ಲ."

ಹೋದೆ. ಅವರು ಹಣೆ ತೊಳೆದುಕೊಂಡು ಅಡಿಗೆಮನೆ ಸಿಂಕಿನ ಮುಂದೆ ನಿಂತಿದ್ದರು, ನನಗೆ ಬೆನ್ನು ಮಾಡಿ. ತುರುಬು ಮೇಲೆತ್ತಿ ಹಿಡಿದುಕೊಂಡರು. ಆ ಕತ್ತಿನ ಹಿಂದೆ, ಇಷ್ಟೇ ಇಷ್ಟು ದೂರದಲ್ಲಿ, ನನ್ನ ಬಾಯಿತ್ತು. 'ಅಕ್ಕ, ಬೇಡ, ಅವರಿದ್ದಾರೆ' ಎನ್ನಲು ಮೂರು ಮಾತು ಸಾಕಾಗಿತ್ತು. ನಾನು ಹಲ್ಲಿನಿಂದ ಕೊಂಡಿ ಸಡಿಲಿಸಿ ಬಿಡಿಸಿದೆ. ತಾಳಿ ಅವರ ಅಂಗೈಯಲ್ಲಿ ಬಿತ್ತು.

"ಒಪ್ಕೊಂಡಿದ್ದೆ, ಮಾಡಿದೀನಿ," ಎಂದರು. ಅಳಲಿಲ್ಲ. ಆ ವಾರಾಂತ್ಯ ನಮ್ಮ ಯಜಮಾನರಿಂದ ಕಾರು ಓಡಿಸಿಕೊಂಡು, ಮ್ಯಾಪಿಲ್ಲದೆ ದಾರಿ ಹೇಳುತ್ತ, ಗಂಡ ಕಾಣೆಯಾದ ಆ ಮೊದಲ ಲೇಕಿಗೆ ಹೋಗಿ ತಾಳಿಯನ್ನು ನೀರಿಗೆ ಬಿಟ್ಟು ಬಂದರು. ಮುಂದಿನ ಏಪ್ರಿಲಿನಲ್ಲಿ ದಾರಿ ಕೇಳಲು ಹೋದವರಿಗೆ, "ಬೀಚಿಗೆ ಹೋಗ್ರಪ್ಪಾ, ಮಕ್ಕಳು ಆಡ್ಕೋತಾವೆ," ಎಂದಷ್ಟೇ ಹೇಳಿದರಂತೆ.

ಫೋನ್ ಬಂದ ಮಧ್ಯಾಹ್ನ ನಾವು ನಾಲ್ಕು ಜನ ಹೆಂಗಸರು ಅವರ ಮನೆಯಲ್ಲಿ ಸೇರಿದೆವು. ಶವ ಫ್ಯೂನರಲ್ ಹೋಮಿನಲ್ಲಿತ್ತು. ನಾವೇ ಸೀರೆ ಉಡಿಸಬಹುದೆಂದು ಒಪ್ಪಿದ್ದರು. ಡಾಕ್ಟರ ಹೆಂಡತಿ ಬೀರು ತೆಗೆದು ಒಂದು ಮಾಸಲು ಹತ್ತಿ ಸೀರೆ ಎತ್ತಿಟ್ಟಳು.

"ಇದು ಸಾಕಲ್ವಾ ಆಂಟಿ? ಕುಂಕುಮ ಅದೂ ಇದೂ ಏನೂ ಇಲ್ವಲ್ಲ."

ನಾನು ಅದನ್ನು ವಾಪಸಿಟ್ಟು ಹಸಿರು ರೇಷ್ಮೆಯದನ್ನು ತೆಗೆದೆ. "ಇದನ್ನ ಉಡಿಸೋಣ. ಅಕ್ಕ ಮುತ್ತೈದೆ."

"ಏನಂತೀರಿ? ಹೋದ್ ವರ್ಷ ಅವರೇ ತೆಗೆದಿಟ್ರಲ್ಲ. ನೀವೇ ಜೊತೆಗಿದ್ರಿ."

"ಅವರ ಯಜಮಾನ್ರು ಇದಾರೆ. ನಂಗೊತ್ತು."

"ನೋಡಿದ್ರಾ?"

"ದೂರದಿಂದ. ಅವರ ಮಗೂಗೆ ಅನ್ನ ಹಾಕಿದೀನಿ."

ಬೀರುವಿನ ಬಾಗಿಲು ಹಿಡಿದುಕೊಂಡೇ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಚೀಟಿಯ ವಿಷಯವನ್ನೂ ಬಿಡಲಿಲ್ಲ. ಮುಗಿದ ಮೇಲೆ ಡಾಕ್ಟರ ಅತ್ತೆ, ಎಪ್ಪತ್ತು ದಾಟಿದ ಹೆಂಗಸು, ಮೈಸೂರಿನಿಂದ ಬಂದು ಆರು ತಿಂಗಳಾಗಿತ್ತು, ನನ್ನನ್ನೇ ನೋಡುತ್ತ ಕೇಳಿದರು:

"ಅವಳ ಕುತ್ತಿಗೆಯಿಂದ ನೀನೇ ಬಿಚ್ಚಿದ್ಯೇನಮ್ಮಾ?"

"ಹೌದು."

"ಹಾಗಾದ್ರೆ ನೀನೇ ಕಟ್ಟು. ನಾವ್ಯಾರೂ ಕೈ ಹಾಕಲ್ಲ."

ತಾಳಿ ನೀರಿನಲ್ಲಿತ್ತು. ನಾನು ಅವರ ಅಡಿಗೆಮನೆಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ತೆಗೆದೆ. ಧನಿಯ, ಮೆಂತ್ಯ, ಜೀರಿಗೆ. ತಳದ ಡಬ್ಬಿಯಲ್ಲಿ ಒಂದು ಅರಿಶಿನದ ಕೊಂಬು ಸಿಕ್ಕಿತು. ದಾರಕ್ಕೆ ಅರಿಶಿನ ಹಚ್ಚಿ ಕೊಂಬು ಕಟ್ಟಿದೆ. ಫ್ಯೂನರಲ್ ಹೋಮಿನ ತಣ್ಣಗಿನ ಕೋಣೆಯಲ್ಲಿ, ಉಳಿದ ಮೂವರು ಗೋಡೆಗೆ ಒರಗಿ ನಿಂತಿರಲು, ಒಬ್ಬಳೇ ಸೀರೆ ಉಡಿಸಿದೆ. ಬಳೆ ತೊಡಿಸಿದೆ. ಕುತ್ತಿಗೆ ಎತ್ತಿ ದಾರ ಕಟ್ಟಿ ಮೂರು ಗಂಟು ಹಾಕಿದೆ. ಹಣೆಗೆ ಕುಂಕುಮ ಇಟ್ಟೆ, ಅವರು ಇಡುತ್ತಿದ್ದಷ್ಟೇ ಅಗಲ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರ ಮುಖ ಮ್ಯಾಪು ನೋಡುವಾಗಿನ ಹಾಗೆಯೇ ಇತ್ತು, ತಲೆ ಎತ್ತುವ ಹಾಗಿರಲಿಲ್ಲ. ಬಾಯಿ ಮುಚ್ಚಿದೆ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಉಟ್ಟ ಸೀರೆಯನ್ನು ಬಕೆಟ್ಟಿನಲ್ಲಿ ನೆನೆಸಿದೆ. ಯಜಮಾನರು ಹಾಲಿನಲ್ಲಿ ಫೋನಿನ ಪಕ್ಕ ಕೂತಿದ್ದರು.

"ಅಲ್ಲಿಗೆ ಹೇಳಬೇಕಲ್ವಾ," ಎಂದರು. "ಹತ್ತು ದಿನ ಸೂತಕ ಇರತ್ತೆ ಅವರಿಗೆ."

"ನೀವು ಮಾಡ್ತೀರಾ, ನಾನು ಮಾಡ್ಲಾ?"

ಅವರು ಫೋನನ್ನು ನನ್ನ ಕಡೆ ಸರಿಸಿದರು. ನಾನೇ ಆಪರೇಟರನ್ನು ಕೇಳಿ ಆ ಕಾಟೇಜಿನ ನಂಬರು ಹಾಕಿಸಿದೆ. ಅತ್ತ ಫೋನೆತ್ತಿದ್ದು ಗಂಡು ದನಿ. ಹಲೋ ಎಂದಿತು. ನಾನು ಕನ್ನಡದಲ್ಲಿ, "ನಿಮ್ಮ ಮನೆಯವರು ಇವತ್ತು ಬೆಳಿಗ್ಗೆ ತೀರಿಕೊಂಡ್ರು. ಮುತ್ತೈದೆಯಾಗೇ ಕಳಿಸ್ತಾ ಇದೀವಿ," ಎಂದೆ. ಉಸಿರು ಕೇಳುತ್ತಿತ್ತು. ಹಿಂದೆ ಎಲ್ಲೋ ಒಂದು ಮಗು ನಗುತ್ತಿತ್ತು. ಕೊನೆಗೆ ಅತ್ತಲಿಂದ ಕನ್ನಡದಲ್ಲೇ, ಬಹಳ ದಿನದಿಂದ ಆಡದ ನಾಲಿಗೆಯಲ್ಲಿ, "ಎಷ್ಟು ಗಂಟೆಗೆ ಹೋದ್ಲು?" ಎಂದು ಕೇಳಿತು. "ಹನ್ನೊಂದಕ್ಕೆ," ಎಂದೆ. ಫೋನ್ ಇಟ್ಟರು.

ಮಗಳು ಸ್ಕೂಲಿನಿಂದ ಬಂದು ಆಡಲು ಹೋಗಿದ್ದಳು. ನಾಳೆಯ ದೋಸೆಗೆ ಅಕ್ಕಿ ಅಳೆದು, ಮೂರು ನೀರು ತೊಳೆದು ನೆನೆಹಾಕಿದೆ.